ಗಟ್ಟಿ ಮೇಸ್ತ್ರಿ ಮತ್ತು ಹಿಂದಿನ ಗೋಡೆ

ಹಳೇ ಮನೆ ಕೊಳ್ಳುವವರು ವಕೀಲರ ಮೆಟ್ಟಿಲು ಹತ್ತುವ ಮೊದಲು ನನ್ನ ಭಾವನ ಮೆಟ್ಟಿಲು ಹತ್ತುತ್ತಿದ್ದ ಕಾಲವೊಂದಿತ್ತು. ಕಾಗದದ ಸುಳ್ಳನ್ನು ಯಾವ ವಕೀಲನಾದರೂ ಹಿಡಿದಾನು, ಗೋಡೆಯ ಸುಳ್ಳನ್ನು ಹಿಡಿಯುವುದಕ್ಕೆ ಅವರೇ ಆಗಬೇಕಿತ್ತು. ಅವರ ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಊರಿಗೆಲ್ಲ ಅವರು ಗಟ್ಟಿ ಮೇಸ್ತ್ರಿ. ಗೋಡೆಯನ್ನು ಬಡಿದು ನೋಡಿದ ಮೇಲೆ ಅವರ ಬಾಯಿಂದ ಬರುತ್ತಿದ್ದದ್ದು ಎರಡೇ ಮಾತು: ಗಟ್ಟಿ, ಇಲ್ಲವೇ ಟೊಳ್ಳು. ಮೂರನೆಯ ಮಾತು ಬೇಕಾದವರು ಬೇರೆ ಮೇಸ್ತ್ರಿಯನ್ನು ಹುಡುಕಿಕೊಳ್ಳಬೇಕಿತ್ತು.

ಕಸುಬಿನಲ್ಲಿ ಅವರು ಗಾರೆಯವರು, ಇಟ್ಟಿಗೆ ಗೋಡೆಗೆ ಗಿಲಾವು ಮಾಡುವವರು. ನಾನು ಅವರ ಹೆಂಡತಿಯ ತಮ್ಮ, ಬಣ್ಣ ಬಳಿಯುವವನು. ಗಾರೆಯವರಿಗೂ ಬಣ್ಣದವರಿಗೂ ಮೊದಲಿನಿಂದ ಎಣ್ಣೆ ಸೀಗೇಕಾಯಿ. ಗೋಡೆ ಡೊಂಕಾದರೆ ನಾವು ಅವರನ್ನು ಬೈಯುತ್ತೇವೆ, ಬಣ್ಣ ಎದ್ದರೆ ಅವರು ನಮ್ಮನ್ನು ಬೈಯುತ್ತಾರೆ. "ಮೇಲೆ ಥಳುಕು, ಒಳಗೆ ಹುಳುಕು. ಆ ಥಳುಕಿನ ಅರ್ಧಕ್ಕೆ ನೀನೇ ಕಾರಣ ಕಣೋ" ಎಂದು ಭಾವ ನನ್ನನ್ನು ಮೂವತ್ತು ವರ್ಷ ಚುಡಾಯಿಸಿದ್ದಾರೆ. ಒಮ್ಮೆ ಒದ್ದೆ ಗೋಡೆಗೆ ಎಣ್ಣೆ ಬಣ್ಣ ಬಳಿದೆನೆಂದು ಎಂಟು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು. ಮಾತು ಬಿಟ್ಟರೂ ಊಟಕ್ಕೆ ಕರೆಯುತ್ತಿದ್ದರು, ತಟ್ಟೆ ಬಡಿದು.

ಅಕ್ಕನ ಮದುವೆಯ ಮಾತಿಗೆ ಅವರು ಮೊದಲ ಸಲ ನಮ್ಮ ಮನೆಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಕಾಫಿ ಬರುವಷ್ಟರಲ್ಲಿ ಸುಮ್ಮನಿರಲಾರದೆ ಎದ್ದು, ಬೆರಳ ಗೆಣ್ಣಿನಿಂದ ನಮ್ಮ ಹಜಾರದ ಗೋಡೆಯನ್ನು ಬಡಿಯತೊಡಗಿದರು. ಅಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಹೋಗುವಾಗ "ಏನಂತೀರಿ?" ಎಂದು ಅಪ್ಪ ಬಿಗಿಯಾಗಿ ಕೇಳಿದರೆ, "ಗೋಡೆ ಟೊಳ್ಳು. ಹುಡುಗಿ ಒಪ್ಪಿಗೆ" ಎಂದರು. ಅಪ್ಪ ಮೂರು ದಿನ ಬೈದು ನಾಲ್ಕನೇ ದಿನ ಗೋಡೆ ಕೆರೆಸಿದರು. ಭಾವನ ಮಾತು ಸರಿಯಾಗಿತ್ತು, ಒಳಗಿನ ಇಟ್ಟಿಗೆ ಮಣ್ಣಾಗಿತ್ತು.

ಅವರು ಮನೆ ನೋಡುವ ರೀತಿಯೇ ಬೇರೆ. ಮೊದಲ ಸುತ್ತಿನಲ್ಲಿ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮೇಲೆ ನೋಡುತ್ತ ನಡೆಯುವರು: ಮಾಳಿಗೆಯ ನೀರು ಎಲ್ಲಿ ಇಳಿಯುತ್ತದೆ, ಕಿಟಕಿಯ ಮೇಲೆ ಚಾಚಿದ ಸಜ್ಜಾದ ಅಂಚು ಎಲ್ಲಿ ಕಪ್ಪಾಗಿದೆ. ಎರಡನೇ ಸುತ್ತಿನಲ್ಲಿ ಗೋಡೆಯ ಬುಡ: ಬಿಳಿ ಉಪ್ಪು ಪುಡಿಪುಡಿಯಾಗಿ ಉದುರಿದೆಯೇ, ಗಿಲಾವು ಮಣ್ಣಿಗೆ ತಾಗಿ ನೀರು ಹೀರುತ್ತಿದೆಯೇ. ಆಮೇಲೆ ಕಿಟಕಿ ಬಾಗಿಲುಗಳ ಮೂಲೆಗಳು. ಕೂದಲೆಳೆಯಂಥ ಬಿರುಕಿಗೆ ಅವರು ಹೆದರುವವರಲ್ಲ. "ಅದು ಮುಖದ ಸುಕ್ಕು, ವಯಸ್ಸಾದ್ರೆ ಬರುತ್ತೆ" ಎನ್ನುವರು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಕಂಡರೆ ಮಾತ್ರ ನಿಂತುಬಿಡುವರು. ಕೊನೆಗೆ ಗಾರೆ ಹಚ್ಚುವ ಕರಣೆಯನ್ನು ತಿರುಗಿಸಿ ಹಿಡಿದು, ಅದರ ಮರದ ಹಿಡಿಯಿಂದ ಗೇಣಿಗೊಂದರಂತೆ ಮೊಣಕಾಲಿನಿಂದ ತಲೆಯ ಮೇಲಿನವರೆಗೆ ಬಡಿಯುತ್ತ ಹೋಗುವರು, ಬಲಗಿವಿ ಗೋಡೆಯ ಹತ್ತಿರ. ಗಿಲಾವು ಇಟ್ಟಿಗೆಯನ್ನು ಬಿಟ್ಟು ಎದ್ದಿದ್ದರೆ ಸದ್ದು ಬದಲಾಗುತ್ತದೆ. ಅಲ್ಲಿ ಸೀಮೆಸುಣ್ಣದಿಂದ ಒಂದು ಸುತ್ತು. ಮಾರುವವರು ಆ ಸುತ್ತುಗಳನ್ನು ಎಣಿಸುತ್ತ ಬೆವರುವುದನ್ನು ನಾನು ಎಷ್ಟೋ ಸಲ ನೋಡಿ ನಕ್ಕಿದ್ದೇನೆ.

ಬೆವರುವ ಸರದಿ ನನಗೂ ಬರುತ್ತದೆಂದು ಆಗ ಗೊತ್ತಿರಲಿಲ್ಲ. ಬೆವರು ಎಂದರೆ ಕಡಿಮೆಯಾದೀತು.

ಅಕ್ಕ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಭಾವ ಮಗಳ ಸಂಸಾರದ ಜೊತೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಮಗಳನ್ನು ನಾವೆಲ್ಲ ಚಿನ್ನಿ ಎನ್ನುತ್ತೇವೆ, ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ. ಅಳಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. "ಗಂಡ ಮನುಷ್ಯರ ಒಳಗು ನೋಡ್ತಾರೆ, ಅಪ್ಪ ಗೋಡೆಗಳ ಒಳಗು ನೋಡ್ತಾರೆ, ನನ್ನ ಒಳಗು ನೋಡೋರು ಮಾತ್ರ ಯಾರೂ ಇಲ್ಲ" ಎಂದು ಚಿನ್ನಿ ತಮಾಷೆ ಮಾಡುತ್ತಿದ್ದಳು. ಮೂರು ವರ್ಷದ ಒಂದು ಹೆಣ್ಣು ಮಗು. ಬಾಡಿಗೆ ಮನೆಯ ಒಡೆಯ ಕಟ್ಟಡ ಕೆಡವುತ್ತೇನೆ, ತಿಂಗಳ ಕೊನೆಗೆ ಖಾಲಿ ಮಾಡಿ ಎಂದುಬಿಟ್ಟಿದ್ದ. ಅದಕ್ಕೂ ಮೊದಲಿನಿಂದ ಎಂಟು ತಿಂಗಳು ಹುಡುಕಿ ಚಪ್ಪಲಿ ಸವೆಸಿದ ಮೇಲೆ ಅವರ ಕೈಗೆಟುಕುವಂತೆ ಸಿಕ್ಕಿದ್ದು ಒಂದೇ ಒಂದು ಹಳೇ ಮನೆ. ಹಿಂದೆ ಒಂದಿಷ್ಟು ಜಾಗ, ಒಂದು ನುಗ್ಗೆ ಮರ.

ಆ ಮನೆಗೆ ಬಣ್ಣ ಬಳಿದವನು ನಾನೇ.

ಎರಡು ತಿಂಗಳ ಹಿಂದೆ ಒಬ್ಬ ದಲ್ಲಾಳಿ ಕರೆದು, ಮನೆ ಮಾರಾಟಕ್ಕಿದೆ, ಹೊಸದರಂತೆ ಕಾಣಬೇಕು ಎಂದಿದ್ದ. ಮುಂದಿನ ಗೋಡೆಗಳು ಚೆನ್ನಾಗಿಯೇ ಇದ್ದವು. ಹಿಂದಿನ ಗೋಡೆ ಮಾತ್ರ ನೋಡುವ ಹಾಗಿರಲಿಲ್ಲ. ಮಾಳಿಗೆಯ ನೀರಿನ ಕೊಳವೆ ಒಡೆದು ವರ್ಷಾನುಗಟ್ಟಲೆ ಅಲ್ಲಿ ಸುರಿದಿತ್ತು. ಕಿಟಕಿಯ ಮೂಲೆಯಿಂದ ಸಜ್ಜಾದವರೆಗೆ ಓರೆ ಬಿರುಕು. ಮೂರು ಮಾರು ಅಗಲ ಗಿಲಾವು ಉಬ್ಬಿತ್ತು, ಅಂಗೈ ಇಟ್ಟು ಒತ್ತಿದರೆ ಅಲುಗುತ್ತಿತ್ತು. ಸಜ್ಜಾದ ಕಬ್ಬಿಣ ತುಕ್ಕು ಹಿಡಿದು ಕೆಂಪು ನೀರು ಒಸರಿತ್ತು. "ಇದನ್ನ ಕೆರೆದು ಹೊಸದಾಗಿ ಮಾಡಿಸಬೇಕು ಸ್ವಾಮಿ, ಇಲ್ಲಾಂದ್ರೆ ಒಂದಿನ ಯಾರ ತಲೆ ಮೇಲಾದ್ರೂ ಬೀಳುತ್ತೆ" ಎಂದೆ. "ನಿಮ್ಮನ್ನ ಕರೆದಿದ್ದು ಬಣ್ಣಕ್ಕೆ" ಎಂದ ದಲ್ಲಾಳಿ. ಬಿರುಕಿಗೆ ಪುಟ್ಟಿ ತುಂಬಿದೆ, ಉಜ್ಜಿದೆ, ದಪ್ಪನೆಯ ಬಣ್ಣವನ್ನು ಎರಡು ಸಲ ಎಳೆದೆ. ಹೊಟ್ಟೆಪಾಡು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಕೊಳ್ಳುವವರು ಗಟ್ಟಿ ಮೇಸ್ತ್ರಿಯನ್ನು ಕರೆತಂದೇ ತರುತ್ತಾರೆ, ಅವರ ಕಿವಿಯಿಂದ ಇದು ತಪ್ಪಿಸಿಕೊಳ್ಳುವುದಿಲ್ಲ, ಹಾಗಾಗಿ ನಾನು ಮುಚ್ಚಿದರೂ ಮುಚ್ಚಿದಂತಲ್ಲ. ಮೂವತ್ತು ವರ್ಷದಿಂದ ಇದೇ ಲೆಕ್ಕಾಚಾರದ ಮೇಲೆ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದವನು.

ಕೊಳ್ಳುವವಳು ಚಿನ್ನಿ ಎಂದು ಗೊತ್ತಾದಾಗ ಬೆಚ್ಚಿದೆ. ಆದರೂ ಮರುಕ್ಷಣ ಅದೇ ಸಮಾಧಾನ. ಬೇರೆಯವರ ಮನೆಯನ್ನೇ ಹಾಗೆ ನೋಡುವ ಭಾವ, ಮಗಳ ಮನೆಯನ್ನು ಹೇಗೆ ನೋಡಿಯಾರು! ಮಂಡಿನೋವೆಂದು ಅವರು ಒಂದು ತಿಂಗಳಿಂದ ಗೋಡೆ ನೋಡುವ ಕೆಲಸಕ್ಕೆ ಹೋಗುತ್ತಿರಲಿಲ್ಲ. ಇದಕ್ಕೆ ಮಾತ್ರ ಕರಣೆ ತೊಳೆದು ಒರೆಸಿ ತಾವೇ ಹೊರಟರು. ಚಿನ್ನಿ, ಅಳಿಯ, ಮಗುವಿನ ಜೊತೆ ನಾನೂ ಹೋದೆ.

ಗೇಟು ದಾಟುತ್ತಿದ್ದಂತೆ ಅವರು ಗೋಡೆಯ ಮೇಲೆ ಕೈಯಾಡಿಸಿ ನನ್ನ ಮುಖ ನೋಡಿದರು. "ಇದು ನಿನ್ನ ಕೈ ಕೆಲಸ ಅಲ್ವೇನೋ?"

ದಲ್ಲಾಳಿ ಮೂರು ಹೆಜ್ಜೆ ಹಿಂದಿದ್ದ. ಅವನಿಗೂ ಅಳಿಯನಿಗೂ ಕೇಳಿಸಬಾರದೆಂದು ನಾನು ದನಿ ತಗ್ಗಿಸಿದೆ. "ಹೌದು ಭಾವ. ಹಿಂದಿನ ಗೋಡೆ ಸರಿಯಾಗಿ ನೋಡಿ. ಕೊಳವೆ ಒಡೆದಿತ್ತು."

ಅವರು ತಲೆಯಾಡಿಸಿ ಮುಂದೆ ಹೋದರು. ನನ್ನ ಹೆಗಲ ಮೇಲಿಂದ ಭಾರ ಇಳಿದಂತಾಯಿತು. ಹೇಳಬೇಕಾದ್ದನ್ನು ಹೇಳಿದ್ದೆ. ದಲ್ಲಾಳಿಗೂ ಕೆಟ್ಟವನಾಗಲಿಲ್ಲ, ಮನೆಯವರಿಗೂ ಕೆಟ್ಟವನಾಗಲಿಲ್ಲ. ಇಂಥ ಜಾಣತನಕ್ಕೆ ಬೆಂಕಿ ಹಾಕಬೇಕು.

ಅಳಿಯನೂ ದಲ್ಲಾಳಿಯೂ ಕರೆಂಟಿನ ಮೀಟರು ನೋಡಲು ಒಳಗೆ ಹೋದರು. ಹಿಂದೆ ಭಾವ, ನಾನು, ಹಿತ್ತಲ ಬಾಗಿಲಲ್ಲಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡ ಚಿನ್ನಿ. ಭಾವ ಎಡದ ತುದಿಯಿಂದ ಶುರುಮಾಡಿದರು. ಟಕ್, ಟಕ್, ಟಕ್. ಒಳ್ಳೆಯ ಗೋಡೆ. ಕಿಟಕಿಯ ಹತ್ತಿರ ಬಂದರು. ಡಬ್. ಒಂದು ಗೇಣು ಮೇಲೆ, ಡಬ್. ಖಾಲಿ ಎಣ್ಣೆ ಡಬ್ಬಿ ಬಡಿದಂತೆ ಡಬ್, ಡಬ್. ಸೀಮೆಸುಣ್ಣಕ್ಕೆ ಈಗ ಜೇಬಿಗೆ ಕೈ ಹಾಕುತ್ತಾರೆ, ಈಗ ಹಾಕುತ್ತಾರೆ ಎಂದು ನಾನು ಕಾದೆ. ಅವರು ಕಣ್ಣು ಮುಚ್ಚಿ, ಬಲಗಿವಿಯನ್ನು ಗೋಡೆಗೆ ಅಂಟಿಸಿ, ಬಡಿಯುತ್ತ ಬಡಿಯುತ್ತ ಬಲದ ತುದಿ ಮುಟ್ಟಿದರು.

"ತಾತ, ಡಬ್ ಡಬ್!" ಎಂದು ಮಗು ಕೇಕೆ ಹಾಕಿತು. ಚಿನ್ನಿ ಅದರ ಬಾಯಿ ಮುಚ್ಚಿದಳು.

ಭಾವ ಕರಣೆಯನ್ನು ಚೀಲಕ್ಕೆ ಹಾಕಿ, ಕೈ ಕೊಡವಿಕೊಂಡು, ಮಗಳ ಕಡೆ ತಿರುಗಿದರು. "ಗಟ್ಟಿ."

ಒಳಗಿರುವ ದಲ್ಲಾಳಿಗೆ ಕೇಳಿಸಲೆಂದು ನಾಟಕ ಆಡುತ್ತಿದ್ದಾರೆ, ಮನೆಗೆ ಹೋಗಿ ನಿಜ ಹೇಳುತ್ತಾರೆ ಎಂದುಕೊಂಡೆ. ಮನೆಗೆ ಬಂದ ಮೇಲೆ ಅವರು ಹೇಳಿದ್ದು ಬೇರೆ. "ಹಳೇ ಕಾಲದ ಕೆಲಸ ಕಣೋ. ಹಿಂದಿನ ಗೋಡೆ ಎಷ್ಟು ಚೆನ್ನಾಗಿದೆ! ಹಿಂದಿನ ಕೋಣೆ ನಂಗೇ ಇರ್ಲಿ. ನಾನೂ ಮಗೂನೂ ಕಿಟಕಿ ಕೆಳಗೆ ಮಲಗ್ತೀವಿ." ಅಕ್ಕ ಹೋದ ಮೇಲೆ ಅವರ ಮುಖದಲ್ಲಿ ಆ ಗೆಲುವನ್ನು ನಾನು ಕಂಡಿರಲಿಲ್ಲ. ಅವರು ನೀರು ಕುಡಿಯಲು ಅತ್ತ ತಿರುಗಿದಾಗ, ಬೆನ್ನ ಹಿಂದೆ ನಿಂತು "ಭಾವ" ಎಂದೆ. ಇನ್ನೊಮ್ಮೆ ಎಂದೆ. ಪಾತ್ರೆಯ ಮುಚ್ಚಳವನ್ನು ಬೇಕೆಂದೇ ನೆಲಕ್ಕೆ ಬಿಟ್ಟೆ. ಅದು ಗರಗರ ಸುತ್ತಿ ಬಿತ್ತು. ಅವರು ನಿಧಾನವಾಗಿ ನೀರು ಕುಡಿಯುತ್ತಿದ್ದರು.

ಆಗ ಒಂದೊಂದೇ ಹೊಳೆಯಿತು. ಮಂಡಿನೋವಿನ ನೆಪ. "ಈ ಡಬ್ಬ ನಂಗ್ಯಾಕೆ" ಎಂದು ಫೋನನ್ನು ಮಗಳಿಗೆ ಕೊಟ್ಟದ್ದು. ಏನು ಕೇಳಿದರೂ ಮುಗುಳ್ನಕ್ಕು ತಲೆಯಾಡಿಸುವುದು. ಗಾರೆ ಕಲೆಸುವ ಯಂತ್ರದ ಪಕ್ಕ ಇಪ್ಪತ್ತು ವರ್ಷ ನಿಂತ ಮನುಷ್ಯ, ಬಡಿಯುವ ಗೋಡೆಗೇ ಕಿವಿ ಒಡ್ಡಿದ ಮನುಷ್ಯ. ಮೊದಲೇ ಮಾತು ಕಡಿಮೆ, ಹಾಗಾಗಿ ಕಿವಿ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ನಾನು ಪಿಸುಗುಟ್ಟಿದ್ದಕ್ಕೂ ಅವರು ಬರೀ ತಲೆಯಾಡಿಸಿದ್ದರು.

ನೋಂದಣಿಗೆ ಒಂಬತ್ತು ದಿನ ಇತ್ತು. ಆ ಒಂಬತ್ತು ದಿನ ನಾನು ಪಟ್ಟ ಪಾಡು ನಾಯಿಗೂ ಬೇಡ. ಸತ್ಯ ಹೇಳಿದರೆ ನನ್ನ ಮಾನ ಹೋಗುತ್ತದೆ, ಹೋಗಲಿ, ಅದೇನು ಅಷ್ಟು ದೊಡ್ಡ ಆಸ್ತಿಯಲ್ಲ. ಆದರೆ ಭಾವನದು? ಆ ಮನುಷ್ಯನ ಹತ್ತಿರ ಇದ್ದದ್ದು ಆ ಎರಡು ಮಾತು ಮಾತ್ರ. ಹೇಳದಿದ್ದರೆ ಆ ಸಜ್ಜಾದ ಕೆಳಗೆ ಮಗು ಆಡುತ್ತದೆ. ಬಿಸಿ ತುಪ್ಪ ಬಾಯಲ್ಲಿತ್ತು, ಉಗುಳಲೂ ಆಗದು, ನುಂಗಲೂ ಆಗದು.

ಚಿನ್ನಿಗೆ ಹೇಳೋಣವೆಂದು ಟಿಕೆಟ್ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆ. ಸಾಲು ಕರಗಿ ನನ್ನ ಸರದಿ ಬಂತು. "ಚಿನ್ನಿ, ಆ ಹಿಂದಿನ ಗೋಡೆ ಇದೆಯಲ್ಲ..." ಎಂದೆ.

ಅವಳು ಥಟ್ಟನೆ ತಲೆಯೆತ್ತಿದಳು. "ಮಾವ, ಅಪ್ಪ ನೋಡಿದ್ದಾರಲ್ಲ. ಸಾಕು ಬಿಡಿ. ಹಿಂದೆ ಜನ ಕಾಯ್ತಿದ್ದಾರೆ."

ಬೇರೆಯವರು ಬಂದು ನೋಡಲಿ ಎಂದು ಅಳಿಯನಿಗೆ ಸೂಚಿಸಿದೆ. "ಮನೇಲಿ ಗಟ್ಟಿ ಮೇಸ್ತ್ರಿ ಇಟ್ಕೊಂಡು ಬೇರೆಯವರನ್ನ ಕರೆಸಿದ್ರೆ ಮಾವ ಮುಖ ಎತ್ಕೊಂಡು ಓಡಾಡ್ತಾರಾ?" ಎಂದ. ಅವನದು ತಪ್ಪಿಲ್ಲ. ಭಾವನ ಮುಂದೆ ಎರಡು ಸಲ ಹೋಗಿ ಕುಳಿತೆ. ಎರಡು ಸಲವೂ ಅವರು ಒಂದು ಹಾಳೆಯ ಮೇಲೆ ಹಿಂದಿನ ಕೋಣೆಯನ್ನು ಬರೆದು, ಮಂಚ ಎಲ್ಲಿ, ಮಗುವಿನ ಗೊಂಬೆಗಳ ಪೆಟ್ಟಿಗೆ ಎಲ್ಲಿ ಎಂದು ತೋರಿಸಿದರು. ಬಾಡಿಗೆ ಮನೆಯಲ್ಲಿ ಪಾತ್ರೆಪಡಗವೆಲ್ಲ ಆಗಲೇ ಮೂಟೆ ಕಟ್ಟಿತ್ತು. ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಒದರಿ ಎದ್ದು ಬಂದೆ.

ನೋಂದಣಿಯ ದಿನ ಬೆಳಗ್ಗೆ ಹತ್ತೂವರೆಗೆ ಕಚೇರಿಯ ಉದ್ದನೆಯ ಹಜಾರದಲ್ಲಿ ನಾವೆಲ್ಲ ಬೆಂಚಿನ ಮೇಲೆ ಕುಳಿತಿದ್ದೆವು. ನಾನು ಸಾಕ್ಷಿ ರುಜು ಹಾಕಬೇಕಿತ್ತು. ಗೋಡೆಯ ಮೇಲಿನ ಹಲಗೆಯಲ್ಲಿ ಸಂಖ್ಯೆ ಬದಲಾಗುತ್ತಿತ್ತು. ನಮ್ಮದು ಮೂವತ್ತೊಂದು, ನಡೆಯುತ್ತಿದ್ದದ್ದು ಇಪ್ಪತ್ತೆಂಟು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಗದಗಳ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಹಲಗೆಯಲ್ಲಿ ಇಪ್ಪತ್ತೊಂಬತ್ತು ಬಂತು.

"ಭಾವ, ಈ ಮನೆ ಬೇಡ" ಎಂದೆ ಮೆಲ್ಲಗೆ.

ಅವರು ನನ್ನ ಕಡೆ ನೋಡಿ ನಕ್ಕು ತಲೆಯಾಡಿಸಿದರು.

"ಭಾವ, ಹಿಂದಿನ ಗೋಡೆ ಟೊಳ್ಳು."

ಮತ್ತೆ ತಲೆಯಾಡಿಸಿದರು. "ಇನ್ನೇನು, ನಮ್ಮದೇ" ಎಂದರು. ಹಲಗೆಯಲ್ಲಿ ಮೂವತ್ತು.

ಆಮೇಲೆ ನಡೆದದ್ದು ನನ್ನ ಹತೋಟಿಯಲ್ಲಿರಲಿಲ್ಲ. ಎದ್ದು ನಿಂತು, ಅವರ ಹೆಗಲು ಹಿಡಿದು, ಹೊಟ್ಟೆಯೊಳಗಿದ್ದ ಬಲವನ್ನೆಲ್ಲ ಹಾಕಿ ಕೂಗಿದೆ. "ಭಾವ! ಹಿಂದಿನ ಗೋಡೆ ಟೊಳ್ಳು! ನಾನೇ ಪುಟ್ಟಿ ತುಂಬಿ ಬಣ್ಣ ಹೊಡೆದು ಮುಚ್ಚಿದ್ದು! ಸಜ್ಜಾ ಬೀಳುತ್ತೆ! ನೀವು ಬಡಿದಾಗ ಡಬ್ ಅಂತು, ನಿಮಗೆ ಕೇಳಿಸಲಿಲ್ಲ!"

ಕಾಗದ ಬರೆಯುವವರು ಬರೆಯುವುದು ನಿಲ್ಲಿಸಿದರು. ದಲ್ಲಾಳಿ ಮೊದಲು ಬಿಳಿಚಿ ಆಮೇಲೆ ಬೈಯತೊಡಗಿದ, ಅವನ ಬೈಗುಳ ನನ್ನ ಕಿವಿಗೆ ಹೋಗಲೇ ಇಲ್ಲ. ಕಸುಬಿನ ಮೂವತ್ತು ವರ್ಷದ ಪಾಪವನ್ನು ಗುರುತು ಪರಿಚಯವಿಲ್ಲದ ಎಂಬತ್ತು ಜನರ ಮುಂದೆ ಕೂಗಿ ಹೇಳಿದ ನಾಚಿಕೆ ನನಗೆ ಆಗ ಆಗಲಿಲ್ಲ. ನಾನು ಭಾವನ ಮುಖವನ್ನೇ ನೋಡುತ್ತಿದ್ದೆ.

ಅವರು ನನ್ನ ತುಟಿಗಳನ್ನು ನೋಡುತ್ತಿದ್ದರು. ಕೊನೆಗೆ, "ಶಬ್ದ ಬಂತಾ?" ಎಂದರು.

"ಬಂತು."

ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದರು. "ನಿಂಗೂ ಕೇಳಿಸ್ತಾ?"

ಚಿನ್ನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆಯಾಡಿಸಿದಳು. ಮಗುವಿನ ಬಾಯನ್ನು ಅವಳು ಅಂದು ಯಾಕೆ ಮುಚ್ಚಿದಳೆಂದು ಆಗಷ್ಟೇ ನನಗೆ ಅರ್ಥವಾಯಿತು. ಅವಳ ಗಂಡ ಅವಳನ್ನೇ ನೋಡುತ್ತ ಕುಳಿತಿದ್ದ, ಅವನಿಗೂ ಇದು ಹೊಸ ಸುದ್ದಿ.

"ಗೊತ್ತಿದ್ದೂ ರುಜು ಹಾಕೋಕೆ ಬಂದ್ಯಾ?"

ಅವಳು ತಲೆ ತಗ್ಗಿಸಿ ಹೇಳಿದಳು, "ನೀವು ಗಟ್ಟಿ ಅಂದ್ರಲ್ಲಪ್ಪ. ಅಲ್ಲ ಅಂತ ನನ್ನ ಬಾಯಿಂದ ಹೇಗೆ ಹೇಳ್ಲಿ? ಒಳಗೆ ಹೋದ್ಮೇಲೆ ನಿಮಗೆ ಗೊತ್ತಾಗ್ದ ಹಾಗೆ ಆ ಗೋಡೆ ಕೆಡವಿಸಿ ಕಟ್ಟಿಸೋಣ ಅಂತಿದ್ದೆ."

ತಗ್ಗಿದ ತಲೆ, ಒದ್ದೆ ದನಿ. ಅವರಿಗೆ ತುಟಿ ಕಾಣಲಿಲ್ಲ, ಮಾತೂ ಕೇಳಿಸಲಿಲ್ಲ. ಅವರು ನನ್ನ ತೋಳು ಹಿಡಿದರು. "ಏನಂದ್ಲು?"

ಇಡೀ ಹಜಾರದಲ್ಲಿ ಆ ಮಾತು ಕೇಳಿಸದೆ ಉಳಿದವರು ಅವರೊಬ್ಬರೇ. ನಾನು ಅವರ ಬಲಗಿವಿಗೆ ಬಗ್ಗಿದೆ. ಅವಳ ಮಾತನ್ನು ಒಂದಕ್ಷರ ಬಿಡದೆ ಕೂಗಿ ಹೇಳಿದೆ. ಆ ತಂದೆಗೆ ಅದನ್ನು ಕೂಗಿ ಹೇಳುವುದಕ್ಕಿಂತ ಆ ಸಜ್ಜಾ ನನ್ನ ತಲೆಯ ಮೇಲೆ ಬಿದ್ದಿದ್ದರೆ ಚೆನ್ನಾಗಿತ್ತು.

ಹಲಗೆಯಲ್ಲಿ ಮೂವತ್ತೊಂದು ಬಂತು. ಒಳಗಿನಿಂದ ಗುಮಾಸ್ತ ಎರಡು ಸಲ ಕರೆದ. ಭಾವ ಎದ್ದು ಕಿಟಕಿಯ ಹತ್ತಿರ ಹೋಗಿ, "ನಮ್ಮದು ಇಲ್ಲ ಸ್ವಾಮಿ. ನಾನು ನೋಡಿದ್ದು ಸರಿ ಇರಲಿಲ್ಲ" ಎಂದರು. ಕಿವಿ ಕೇಳದವರ ದನಿ, ತನ್ನ ಎತ್ತರ ತನಗೇ ತಿಳಿಯದ ದನಿ. ಕೊನೆಯ ಬೆಂಚಿನವರೂ ತಿರುಗಿ ನೋಡಿದರು. ನಲವತ್ತು ವರ್ಷ ಅವರ ಮಾತನ್ನು ನಂಬಿ ಮನೆ ಕೊಂಡವರಲ್ಲಿ ಒಬ್ಬಿಬ್ಬರು ಅಲ್ಲೂ ಇದ್ದರೋ ಏನೋ, ಯಾರಿಗೆ ಗೊತ್ತು. ದಲ್ಲಾಳಿ ಕಾಗದಗಳನ್ನು ಕಿತ್ತುಕೊಂಡು, ಬೇರೆ ಗಿರಾಕಿ ಸಂಜೆಯೊಳಗೆ ಸಿಗುತ್ತಾನೆ ಎಂದು ಗೊಣಗುತ್ತ ಹೋದ.

ಭಾವ ವಾಪಸು ಬಂದು ಮಗಳ ತಲೆಯ ಮೇಲೆ ಕೈಯಿಟ್ಟರು. ನನ್ನ ಕಡೆ ನೋಡಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು, "ಏಳಮ್ಮ. ಮನೆಗೆ ಹೋಗೋಣ" ಎಂದು ಬಾಗಿಲ ಕಡೆ ನಡೆದರು.

"ಯಾವ ಮನೆಗಪ್ಪಾ?" ಎಂದಳು ಚಿನ್ನಿ.

ಅವರು ಆಗಲೇ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಮುಂದಿದ್ದರು. ಅದನ್ನು ಮಾತ್ರ ನಾನು ಅವರಿಗೆ ಕೂಗಿ ಹೇಳಲಿಲ್ಲ.